ಡೈರೆಕ್ಟ್ ಸೆಲ್ಲಿಂಗ್ ಮಾಡುವವರು ಇನ್‌ಸ್ಟಾಗ್ರಾಮ್ ಹೇಗೆ ಶುರು ಮಾಡಬೇಕು? ಮುಖ ತೋರಿಸಲೇಬೇಕಾ?

ನೀವು ಕೇಳಿರುವುದು ಇಷ್ಟು: ಕಾರಟಗಿ ಕಡೆ ಮನೆ ಮನೆಗೆ ಹೋಗಿ ಒಂದು ಡೈರೆಕ್ಟ್ ಸೆಲ್ಲಿಂಗ್ ಕಂಪನಿಯ ಅಡಿಗೆಮನೆ ಡಬ್ಬಿ, ಕಲೆ ತೆಗೆಯುವ ಲಿಕ್ವಿಡ್ ಮಾರುತ್ತೀರಿ. ಕಂಪನಿಯ ಗ್ರೂಪಿನಲ್ಲಿ ಬರುವ ಪೋಸ್ಟರ್‌ಗಳನ್ನು ದಿನಾ ಸ್ಟೇಟಸ್‌ಗೆ ಹಾಕುತ್ತೀರಿ, ಒಬ್ಬರೂ ಕೇಳುವುದಿಲ್ಲ. ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಪಿಂಟರೆಸ್ಟ್ ಇವುಗಳಲ್ಲಿ ಯಾವುದರಿಂದ ಶುರು ಮಾಡಬೇಕು, ಮನೆಯವರು ಒಪ್ಪದಿರುವಾಗ ಮುಖ ತೋರಿಸಲೇಬೇಕಾ? ನಾನೂ ಕೊಪ್ಪಳದಲ್ಲಿ ಇಂಥದೇ ಡಬ್ಬಿ ಮಾರುವವಳು, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮುಖ ಬೇಡ ಅಕ್ಕಾ. ಕೈ ಸಾಕು, ಧ್ವನಿ ಸಾಕು. ಜನ ಡಬ್ಬಿ ತೆಗೆದುಕೊಳ್ಳುವುದು ಮಾರುವವರ ಮುಖ ನೋಡಿ ಅಲ್ಲ, ಅದು ತಮ್ಮ ಮನೆಯಲ್ಲಿ ಏನು ಕೆಲಸಕ್ಕೆ ಬರುತ್ತದೆ ಎಂದು ಕಣ್ಣಾರೆ ನೋಡಿ. 1951ರಲ್ಲಿ ಅಮೆರಿಕದ ಟಪ್ಪರ್‌ವೇರ್ ಕಂಪನಿ ತನ್ನ ಡಬ್ಬಿಗಳನ್ನು ಅಂಗಡಿಗಳಿಂದ ವಾಪಸ್ ತೆಗೆದುಕೊಂಡು, ಬ್ರೌನಿ ವೈಸ್ ಎಂಬ ಹೆಣ್ಣುಮಗಳ ಮುಂದಾಳತ್ವದಲ್ಲಿ ಮನೆಗಳಲ್ಲಿ ಹೆಂಗಸರನ್ನು ಸೇರಿಸಿ ಮಾರತೊಡಗಿತು. ಅಂಗಡಿಯಲ್ಲಿ ಇಟ್ಟರೆ ಆ ಮುಚ್ಚಳ ಹೇಗೆ ಗಾಳಿಯಾಡದಂತೆ ಕೂರುತ್ತದೆ ಎಂಬುದೇ ಜನಕ್ಕೆ ತಿಳಿಯುತ್ತಿರಲಿಲ್ಲ. ಯಾರಾದರೂ ಎದುರಿಗೆ ಕೂತು ಒತ್ತಿ ತೋರಿಸಬೇಕಿತ್ತು. ನೀವು ಮನೆ ಮನೆಗೆ ಹೋಗಿ ಮಾಡುತ್ತಿರುವುದೂ ಅದನ್ನೇ. ಪೋಸ್ಟರ್‌ನಲ್ಲಿ ಆ ತೋರಿಸುವ ಕೆಲಸವೇ ಇಲ್ಲ. ಬೆಂಗಳೂರಿನ ಯಾವುದೋ ಬಿಳಿ ಅಡಿಗೆಮನೆ, ನಗುವ ಮಾಡೆಲ್, ಇಂಗ್ಲಿಷ್ ಅಕ್ಷರ. ಅದೇ ಪೋಸ್ಟರನ್ನು ನಿಮ್ಮ ಊರಲ್ಲೇ ಇನ್ನೂ ಎಷ್ಟೋ ಜನ ಹಾಕಿರುತ್ತಾರೆ. ನಿಮ್ಮ ಖಾತೆಯಲ್ಲಿ ನಿಮ್ಮ ಕೈ, ನಿಮ್ಮ ಕಟ್ಟೆ, ನಿಮ್ಮ ಮನೆಯ ರೊಟ್ಟಿ ಕಾಣಬೇಕು.

ನಮ್ಮ ಕಡೆ ಕೆಲಸ ಮಾಡುವ ಒಂದು ರೀಲ್ ಹೇಳುತ್ತೇನೆ. ಶ್ರಾವಣದ ಮಳೆಯಲ್ಲಿ ಕಡಕ್ ರೊಟ್ಟಿ ಮೆತ್ತಗಾಗುವ ತಾಪತ್ರಯ ಎಲ್ಲರ ಮನೆಯಲ್ಲೂ ಇದ್ದದ್ದೇ. ಒಂದಿಷ್ಟು ರೊಟ್ಟಿಯನ್ನು ನಿಮ್ಮ ಡಬ್ಬಿಗೆ ಹಾಕಿ ಮುಚ್ಚಿ, ಒಂದಿಷ್ಟನ್ನು ದಿನದಂತೆ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಡಿ. ಮುಚ್ಚಳ ಒತ್ತುವುದನ್ನು ಹತ್ತಿರದಿಂದ ಹಿಡಿಯಿರಿ. ಕೆಲವು ದಿನ ಬಿಟ್ಟು ಎರಡನ್ನೂ ಒಂದೇ ಜಾಗದಲ್ಲಿಟ್ಟು ಮುರಿಯಿರಿ. ಬುಟ್ಟಿಯ ರೊಟ್ಟಿ ಸದ್ದಿಲ್ಲದೆ ಬಾಗುತ್ತದೆ, ಡಬ್ಬಿಯದು ಕಟ್ ಅಂತ ಮುರಿಯುತ್ತದೆ. ಆ ಸದ್ದೇ ನಿಮ್ಮ ಜಾಹೀರಾತು, ಅದರ ಮೇಲೆ ಹಾಡು ಹಾಕಬೇಡಿ. ಕೊನೆಗೆ ಶೇಂಗಾ ಚಟ್ನಿಪುಡಿ, ಮೊಸರು ಹಚ್ಚಿ ಒಂದು ತುತ್ತು ಎತ್ತುವ ಕೈ. ಅಷ್ಟೇ. ಇದನ್ನು ನೋಡಿದವರು "ಅಕ್ಕಾರ, ಎಷ್ಟ್ ರೊಟ್ಟಿ ಹಿಡಸ್ತಾವ್ರಿ ಇದ್ರಾಗ?" ಅಂತ ಕೇಳುತ್ತಾರೆ. ಪೋಸ್ಟರ್ ನೋಡಿ ಯಾರೂ ಹಾಗೆ ಕೇಳುವುದಿಲ್ಲ. ಡಬ್ಬಿಯ ರೊಟ್ಟಿಯೂ ಮೆತ್ತಗಾಗಿದ್ದರೆ ಆ ರೀಲ್ ಹಾಕಬೇಡಿ, ಆ ಡಬ್ಬಿಯನ್ನು ರೊಟ್ಟಿಗೆ ಒಳ್ಳೆಯದು ಅಂತ ಮಾರಲೂ ಬೇಡಿ.

ಲಿಕ್ವಿಡ್‌ಗೂ ಹೀಗೇ. ನಮ್ಮ ಬೋರ್‌ವೆಲ್ ನೀರಿಗೆ ನಲ್ಲಿಯ ಮೇಲೆ, ಬಚ್ಚಲ ಟೈಲ್ಸ್ ಮೇಲೆ ಕಟ್ಟುವ ಬಿಳಿ ಉಪ್ಪಿನ ಕಲೆ ತೋರಿಸಿ. ಅರ್ಧ ಭಾಗ ಮಾತ್ರ ತಿಕ್ಕಿ, ಅರ್ಧ ಹಾಗೇ ಬಿಡಿ. ಮೊದಲಿನ ಫೋಟೋ ಕತ್ತಲಲ್ಲಿ, ಆಮೇಲಿನದು ಬೆಳಕಲ್ಲಿ ತೆಗೆಯುವ ಚಾಳಿ ಬಹಳ ಜನಕ್ಕಿದೆ. ಹೆಣ್ಣುಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ, ಒಮ್ಮೆ ಗೊತ್ತಾದರೆ ನಿಮ್ಮ ಮಾತು ಮತ್ತೆ ನಂಬುವುದಿಲ್ಲ. ಒಂದೇ ಜಾಗ, ಒಂದೇ ಹೊತ್ತು, ಫಿಲ್ಟರ್ ಬೇಡ.

ಚಿತ್ರೀಕರಣಕ್ಕೆ ಏನೂ ಕೊಳ್ಳಬೇಡಿ. ರಿಂಗ್ ಲೈಟ್ ಕೂಡ ಬೇಡ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕಿಟಕಿಯ ಪಕ್ಕ ಬರುವ ಬೆಳಕು ಎಲ್ಲಕ್ಕಿಂತ ಚೆನ್ನ. ಹತ್ತರ ಮೇಲೆ ನಮ್ಮ ಬಿಸಿಲಿಗೆ ಎಲ್ಲವೂ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಟ್ಯೂಬ್‌ಲೈಟಿನಲ್ಲಿ ವಿಡಿಯೋ ಮಿಣಮಿಣ ಅನ್ನುತ್ತದೆ, ಕರೆಂಟಿನ ಭರವಸೆಯೂ ಇಲ್ಲ. ಕಿಟಕಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ, ಕ್ಯಾಮೆರಾದ ಎದುರಿಗೆ ಬರದಿರಲಿ. ಸ್ಟೀಲ್ ತಟ್ಟೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ, ಕಡಪಾ ಕಲ್ಲಿನ ಕಟ್ಟೆ ಇದ್ದರೆ ಅದರ ಮೇಲೇ ಇಡಿ, ಯಾವ ಬಣ್ಣದ ಡಬ್ಬಿಯೂ ಎದ್ದು ಕಾಣುತ್ತದೆ. ಶುರು ಮಾಡುವ ಮೊದಲು ಲೆನ್ಸ್ ಒರೆಸಿ, ಅಡಿಗೆ ಕೈಯಲ್ಲೇ ಫೋನ್ ಹಿಡಿಯುತ್ತೇವಲ್ಲ, ಎಣ್ಣೆ ಹತ್ತಿ ಎಲ್ಲಾ ಮಸುಕು ಮಸುಕು ಬರುತ್ತದೆ. ಫ್ಯಾನ್ ಆಫ್ ಮಾಡಿ. ಪರದೆಯ ಮೇಲೆ ಡಬ್ಬಿ ಇರುವ ಜಾಗವನ್ನು ಒತ್ತಿ ಹಿಡಿದರೆ ಬಹುಪಾಲು ಫೋನ್‌ಗಳಲ್ಲಿ ಫೋಕಸ್, ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ, ಕೈ ಆಡಿಸಿದಾಗ ಚಿತ್ರ ಕಪ್ಪು ಬಿಳುಪು ಅಂತ ಹಾರಾಡುವುದಿಲ್ಲ. ಫೋನ್ ಉದ್ದಕ್ಕೆ ಹಿಡಿಯಿರಿ. ಮೂರು ನಾಲ್ಕು ಸೆಕೆಂಡಿನ ತುಣುಕುಗಳನ್ನು ತೆಗೆದು ಇನ್‌ಸ್ಟಾಗ್ರಾಮ್ ಒಳಗೇ ಜೋಡಿಸಬಹುದು. ಮೇಲೆ ಕನ್ನಡದಲ್ಲಿ ಒಂದೇ ಸಾಲು ಬರೆಯಿರಿ: "ಮಳೆಗಾಲದಾಗ ರೊಟ್ಟಿ ಕಡಕ್ ಇರಬೇಕಂದ್ರ". ಸದ್ದು ಇಲ್ಲದೆ ನೋಡುವವರೂ ಬಹಳ ಇದ್ದಾರೆ. ಮಾತಾಡುವುದಾದರೆ ಗಂಗಾವತಿ ಸಂತೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ. ಟಿವಿ ಭಾಷೆ ಬೇಡ.

ಇನ್ನು ಯಾವುದರಿಂದ ಶುರು ಅನ್ನುವುದು. ಇನ್‌ಸ್ಟಾಗ್ರಾಮ್ ಮತ್ತು ವಾಟ್ಸಾಪ್, ಎರಡೇ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ ಜುಲೈನಲ್ಲಿ ರೀಲ್ಸ್ ಬಂದ ಮೇಲೆ ನಮ್ಮ ಹಳ್ಳಿಗಳ ಹುಡುಗಿಯರು, ಸೊಸೆಯಂದಿರು ಇರುವುದು ಅಲ್ಲೇ. ಅದೇ ವಿಡಿಯೋವನ್ನು ಯೂಟ್ಯೂಬ್ ಶಾರ್ಟ್ಸ್‌ಗೂ ಹಾಕಿ, ಹೆಚ್ಚಿನ ಕೆಲಸವಿಲ್ಲ. ಫೇಸ್‌ಬುಕ್ ಪೇಜಿಗೆ ಜೋಡಿಸಿದರೆ ಅಲ್ಲಿಗೂ ತಾನೇ ಹೋಗುತ್ತದೆ, ವಯಸ್ಸಾದವರು ಅಲ್ಲಿ ನೋಡುತ್ತಾರೆ. ಪಿಂಟರೆಸ್ಟ್ ಸದ್ಯಕ್ಕೆ ಬಿಡಿ. ಅದು ಹುಡುಕುವವರ ಜಾಗ, ಅಲ್ಲಿ ಹಾಕಿದ ಚಿತ್ರ ತಿಂಗಳುಗಟ್ಟಲೆ ಆದ ಮೇಲೂ ಯಾರಿಗೋ ಸಿಗುತ್ತದೆ ನಿಜ, ಆದರೆ ಸಿಗುವವರು ದೂರದ ಊರಿನವರು, ಅವರನ್ನು ಕರೆದೊಯ್ಯಲು ನಿಮಗೊಂದು ವೆಬ್‌ಸೈಟ್ ಬೇಕು. ಕಿನ್ನಾಳದ ಗೊಂಬೆ ಮಾರುವವರಿಗೆ ಹೇಳುವುದಾದರೆ ಪಿಂಟರೆಸ್ಟೇ ಮೊದಲು ಅನ್ನುತ್ತಿದ್ದೆ. ನಿಮಗೆ ಬೇಕಿರುವುದು ಕಾರಟಗಿ, ಸಿದ್ದಾಪುರ, ಗಂಗಾವತಿ, ಹೆಚ್ಚೆಂದರೆ ಸಿಂಧನೂರಿನವರು. ಬೇರೆ ರಾಜ್ಯದ 20,000 ಜನ ನೋಡಿದ್ದಕ್ಕಿಂತ ನಿಮ್ಮ ಸುತ್ತಲಿನ 200 ಜನ ನೋಡಿದ್ದು ಲೆಕ್ಕ. ಹಾಗಾಗಿ ಪ್ರತಿ ಪೋಸ್ಟಿಗೂ ಊರಿನ ಲೊಕೇಶನ್ ಹಾಕಿ.

ಖಾತೆಯ ಹೆಸರಲ್ಲಿ ಕಂಪನಿಯ ಹೆಸರು ಇಡಬೇಡಿ. ಎಷ್ಟೋ ಕಂಪನಿಗಳು ಅದಕ್ಕೆ ಒಪ್ಪುವುದಿಲ್ಲ, ನಾಳೆ ನೀವು ಕಂಪನಿ ಬಿಟ್ಟರೆ ಖಾತೆಯೂ ಕೆಲಸಕ್ಕೆ ಬರುವುದಿಲ್ಲ. ಊರು, ಅಡಿಗೆಮನೆ ಎರಡೂ ಬರುವಂಥ ನಿಮ್ಮದೇ ಹೆಸರು ಇಡಿ. ಬಯೋದಲ್ಲಿ, ಅಂದರೆ ಹೆಸರಿನ ಕೆಳಗಿನ ಪರಿಚಯದ ಸಾಲಿನಲ್ಲಿ, "ನಾನು ಈ ಕಂಪನಿಯ ಡೈರೆಕ್ಟ್ ಸೆಲ್ಲರ್" ಅಂತ ಸ್ಪಷ್ಟವಾಗಿ ಬರೆಯಿರಿ, ಲಾಭ ಇರುವ ವಸ್ತುವನ್ನು ಹೊಗಳುವಾಗ ಆ ಸಂಬಂಧ ಹೇಳಲೇಬೇಕು. ಬಿಸಿನೆಸ್ ಖಾತೆ ಮಾಡಿಕೊಂಡರೆ ಫೋನ್ ಬಟನ್ ಸಿಗುತ್ತದೆ, ಯಾರು ನೋಡಿದರು ಎಂಬ ಅಂದಾಜೂ ಸಿಗುತ್ತದೆ. ಆದರೆ ಸಿನಿಮಾ ಹಾಡುಗಳು ಹೆಚ್ಚು ಸಿಗುವುದಿಲ್ಲ. ನಿಮಗೆ ಬೇಕಾಗಿಯೂ ಇಲ್ಲ.

ವಾಟ್ಸಾಪ್ ಬಿಸಿನೆಸ್ ಬೇರೆ ಸಿಮ್‌ನಲ್ಲಿ ಮಾಡಿ, ಮನೆಯವರ ನಂಬರ್ ಹೊರಗೆ ಹೋಗಬಾರದು. ಅದರ ಕ್ಯಾಟಲಾಗ್‌ನಲ್ಲಿ ಫೋಟೋ, ಬೆಲೆ ಎಲ್ಲಾ ಹಾಕಿಡಬಹುದು. ಸ್ಟೇಟಸ್ ನೋಡಿ ಒಬ್ಬರೂ ಕೇಳುವುದಿಲ್ಲ ಅಂದಿರಲ್ಲ, ಒಂದು ಸಣ್ಣ ಕಾರಣವೂ ಇರಬಹುದು. ನಿಮ್ಮ ನಂಬರನ್ನು ಅವರೂ ಸೇವ್ ಮಾಡಿಕೊಂಡಿರದಿದ್ದರೆ ನಿಮ್ಮ ಸ್ಟೇಟಸ್ ಅವರಿಗೆ ಕಾಣುವುದೇ ಇಲ್ಲ. ಡಬ್ಬಿ ಕೊಟ್ಟು ಹೊರಡುವಾಗ ಅವರ ಎದುರಿಗೇ ನಿಂತು "ನನ್ನ ನಂಬರ್ ಸೇವ್ ಮಾಡಿಕೊಳ್ರಿ ಅಕ್ಕಾರ" ಅಂತ ಹೇಳಿ ಮಾಡಿಸಿ. ಯಾವ ಹ್ಯಾಶ್‌ಟ್ಯಾಗ್‌ಗಿಂತಲೂ ಇದು ಹೆಚ್ಚು ಕೆಲಸ ಮಾಡುತ್ತದೆ.

ಏನು ಹಾಕುವುದು ಅಂತ ತೋಚದಿದ್ದರೆ ಪಂಚಾಂಗ ನೋಡಿ. ಪಂಚಮಿಗೆ ಉಂಡಿ ತುಂಬಿಡುವ ಡಬ್ಬಿ, ತವರಿಗೆ ಹೋಗುವಾಗ ಕಟ್ಟುವ ಡಬ್ಬಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಬುತ್ತಿ: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಹೋಳಿಗೆ ಬೇರೆ ಬೇರೆ, ಪಲ್ಯೆಯ ಎಣ್ಣೆ ಸೋರದಂತೆ. ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಕುಲುಕಾಡಿದ ಮೇಲೆ ಹೊಲದಲ್ಲಿ ಡಬ್ಬಿ ತೆಗೆಯುವ ವಿಡಿಯೋ ಮಾಡಿ ನೋಡಿ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಯಲ್ಲೂ ರೊಟ್ಟಿ ಬಡಿಯುವ ಹೊತ್ತಿಗೆ ರೊಟ್ಟಿಯ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಹಬ್ಬದ ದಿನ ಹಾಕಿದರೆ ತಡವಾಯಿತು, ಸಾಮಾನು ತರಿಸಿ ಕೊಡಲು ದಿನ ಬೇಕಲ್ಲ, ಎರಡು ಮೂರು ವಾರ ಮುಂಚೆಯೇ ಶುರು ಮಾಡಿ. ದೊಡ್ಡ ಸೆಟ್‌ಗಳನ್ನು ಭತ್ತ ಮಾರಿ ದುಡ್ಡು ಬರುವ ಹೊತ್ತಿಗೆ ತೋರಿಸಿ. ಕಂಪನಿಯ ಟಾರ್ಗೆಟ್ ತಿಂಗಳ ಕೊನೆಗೆ ಬರುತ್ತದೆ, ಕಾಲುವೆ ಊರಿನ ದುಡ್ಡು ಸುಗ್ಗಿಗೆ ಬರುತ್ತದೆ.

ಬೆಲೆ ಬರೆಯಿರಿ. "ಬೆಲೆಗೆ ಮೆಸೇಜ್ ಮಾಡಿ" ಅಂದರೆ ನಾಚುವ ಹೆಣ್ಣುಮಕ್ಕಳು ಕೇಳುವುದೇ ಇಲ್ಲ, ಕೇಳುವವರು ಮಾತಾಡಿಸಲು ಬರುವ ಗಂಡಸರು. ಅಂಥವರಿಗೆ ಉತ್ತರ ಕೊಡದೆ ಬ್ಲಾಕ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಕೆಟ್ಟ ಪದಗಳನ್ನು ಮರೆಮಾಡುವ ಸೌಲಭ್ಯವಿದೆ, ಕನ್ನಡ ಬೈಗುಳಗಳನ್ನು ನೀವೇ ಸೇರಿಸಬಹುದು. ಮನೆಯ ವಿಳಾಸ, ಮಕ್ಕಳ ಶಾಲೆ ಎಲ್ಲೂ ಕಾಣಿಸದಿರಲಿ. ಗಿರಾಕಿ ಮನೆಯ ಫೋಟೋ ಅವರನ್ನು ಕೇಳದೆ ಹಾಕಬಾರದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ನಿಮ್ಮನ್ನು ಕಂಪನಿಗೆ ಸೇರಿಸಿದ ಮೇಲಿನವರು "ಸಾಮಾನಿನ ವಿಡಿಯೋಕ್ಕಿಂತ ಜನರನ್ನು ಕಂಪನಿಗೆ ಸೇರಲು ಕರೆಯುವ ಜಾಯಿನಿಂಗ್ ವಿಡಿಯೋ ಹಾಕು, ತಿಂಗಳಿಗೆ ಇಷ್ಟು ಗಳಿಸಬಹುದು ಅಂತ ಹೇಳು" ಅಂತ ಒತ್ತಾಯಿಸಬಹುದು. ದಯವಿಟ್ಟು ಹಾಕಬೇಡಿ. ನಮ್ಮ ಕಡೆ ಚೈನ್ ಸ್ಕೀಮಿಗೆ ಒಡವೆ ಅಡ ಇಟ್ಟು ಕಳಕೊಂಡ ಮನೆಗಳಿವೆ, ನಿಮ್ಮ ಮಾತು ನಂಬಿ ಇನ್ನೊಂದು ಮನೆ ಆ ಸಾಲಿಗೆ ಸೇರಬಾರದು. ಕೇಂದ್ರ ಸರ್ಕಾರದ 2021ರ ಗ್ರಾಹಕ ಸಂರಕ್ಷಣಾ ನೇರ ಮಾರಾಟ ನಿಯಮಗಳು ಪಿರಮಿಡ್ ಸ್ಕೀಮನ್ನು, ಅಂದರೆ ಹೊಸಬರನ್ನು ಸೇರಿಸುವುದರಿಂದಲೇ ದುಡ್ಡು ಮಾಡುವ ಚೈನ್ ಸ್ಕೀಮನ್ನು, ನಿಷೇಧಿಸಿವೆ. ಕಂಪನಿ ಅಧಿಕೃತವಾಗಿ ಹೇಳದ ಯಾವ ಗುಣವನ್ನೂ ಮಾರುವವರು ತಾವಾಗಿ ಹೇಳುವಂತಿಲ್ಲ, ಕಂಪನಿ ಒಪ್ಪದ ಕರಪತ್ರ ಹಂಚುವಂತಿಲ್ಲ, ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮನೆಗೆ ಹೋಗುವಂತಿಲ್ಲ. ಹಾಗಾಗಿ ಕಂಪನಿಯ ಸೋಶಿಯಲ್ ಮೀಡಿಯಾ ನಿಯಮ ಬರಹದಲ್ಲಿ ಕೊಡಿ ಅಂತ ಕೇಳಿ, ಮೇಲಿನವರ ಬಾಯಿಮಾತು ಸಾಲದು. ಮುಂದೆ ಆರೋಗ್ಯದ ಪುಡಿ, ಮಾತ್ರೆ ಸೇರಿಸಿಕೊಂಡರೆ "ಶುಗರ್ ವಾಸಿಯಾಗುತ್ತದೆ" ಎಂಬ ರೀಲ್ ಯಾರು ಕಳಿಸಿದರೂ ಹಂಚಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯಲ್ಲಿ ಮಧುಮೇಹ ಗುಣಪಡಿಸುತ್ತೇವೆಂಬ ಜಾಹೀರಾತೇ ಅಪರಾಧ. ಅದಕ್ಕಿಂತ ದೊಡ್ಡದು, ಅದನ್ನು ನೋಡಿ ಯಾರಾದರೂ ಇನ್ಸುಲಿನ್ ಬಿಟ್ಟರೆ ಅವರ ಜೀವಕ್ಕೇ ಕುತ್ತು.

ಹೆಚ್ಚು ಜನಕ್ಕೆ ತೋರಿಸಲಿ ಅಂತ ಇನ್‌ಸ್ಟಾಗ್ರಾಮ್‌ಗೆ ದುಡ್ಡು ಕೊಟ್ಟು ಬೂಸ್ಟ್ ಮಾಡುವುದು ಈಗಲೇ ಬೇಡ. ವಾರಕ್ಕೆ ಎರಡು ರೀಲ್ ತಪ್ಪದೆ ಹಾಕಿ, ಲೈಕ್ ಬಿಟ್ಟು ಯಾವುದನ್ನು ಜನ ಸೇವ್ ಮಾಡಿದರು, ಯಾರಿಗೋ ಕಳಿಸಿದರು ಎಂದು ನೋಡಿ. ಅಂಥದನ್ನೇ ಮತ್ತೆ ಬೇರೆ ಡಬ್ಬಿಯಲ್ಲಿ ಮಾಡಿ. ಚೆನ್ನಾಗಿ ಓಡಿದ ಮೂರನ್ನು ಪ್ರೊಫೈಲಿನ ಮೇಲ್ಗಡೆ ಪಿನ್ ಮಾಡಿಡಿ, ಹೊಸಬರು ಮೊದಲು ನೋಡುವುದು ಅದನ್ನೇ.

ಆರ್ಡರ್ ಬರಲು ಶುರುವಾದಾಗ ಒಂದು ಎಚ್ಚರ. ದೂರದ ಊರಿನ ಯಾರೋ, ಬಹಳ ಸಲ ಮಿಲಿಟರಿಯವನು ಅಂತ ಹೇಳಿಕೊಂಡು, ಒಂದೇ ಸಲಕ್ಕೆ ದೊಡ್ಡ ಆರ್ಡರ್ ಕೊಟ್ಟು "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ" ಅನ್ನುತ್ತಾನೆ. ದುಡ್ಡು ಬರಬೇಕಾದರೆ ನೀವು ಸ್ಕ್ಯಾನ್ ಮಾಡುವುದೂ ಬೇಡ, ಯುಪಿಐ ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ಅವರು ಕಳಿಸುವ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಬ್ಯಾಂಕ್ ಖಾತೆಯಲ್ಲಿ ಜಮಾ ಆಗಿದೆಯಾ ನೋಡಿಕೊಂಡೇ ಪಾರ್ಸೆಲ್ ಬಸ್ಸಿಗೆ ಹಾಕಿ. ಮೋಸ ಆಗಿಯೇ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.