ಸಣ್ಣ ನರ್ಸಿಂಗ್ ಹೋಮ್ ಪರಿಸರಸ್ನೇಹಿಯಾಗಲು ಮೊದಲು ಏನು ಮಾಡಬೇಕು?

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಇಪ್ಪತ್ತು ಹಾಸಿಗೆಗಳ ನರ್ಸಿಂಗ್ ಹೋಮ್ ನಡೆಸುತ್ತಿರುವ ತಾವು, ಸೌರಫಲಕ ಹಾಕಿಸಲು ಸದ್ಯಕ್ಕೆ ಹಣವಿಲ್ಲದಿದ್ದರೆ ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಕಸದ ಬುಟ್ಟಿಗಳಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ 85ರಷ್ಟು ಮನೆಯ ಕಸದಂತೆಯೇ ನಿರಪಾಯಕಾರಿ. ಆದರೆ ಅದು ಸೋಂಕಿತ ಕಸದೊಡನೆ ಬೆರೆತರೆ ಎಲ್ಲವನ್ನೂ ಅಪಾಯಕಾರಿಯೆಂದೇ ವಿಲೇವಾರಿ ಮಾಡಬೇಕಾಗುತ್ತದೆ. ಮುಂಬಯಿಯ ಒಂದು ವಾರ್ಡಿನಲ್ಲಿ ನಾನೇ ಕಂಡಂತೆ, ಖಾಲಿಯಾದ ಸಲೈನ್ ಬಾಟಲಿಯೂ ಅದರ ನಳಿಕೆಯೂ ಮಂಚಕ್ಕೆ ಹತ್ತಿರವಿದ್ದ ಒಂದೇ ಕಾರಣಕ್ಕೆ ಹಳದಿ ಚೀಲ ಸೇರುತ್ತಿದ್ದವು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಅವು ಕೆಂಪು ಚೀಲಕ್ಕೆ ಹೋಗಬೇಕು. ಕೆಂಪು ಚೀಲದ ಪ್ಲಾಸ್ಟಿಕ್ ಸೋಂಕು ನಿವಾರಣೆಯಾದ ಮೇಲೆ ಮರುಬಳಕೆಗೆ ಸಲ್ಲುತ್ತದೆ. ಹಳದಿ ಚೀಲದ್ದನ್ನು ಸಾಮಾನ್ಯವಾಗಿ ಸುಡುತ್ತಾರೆ, ಪಿವಿಸಿ ಎಂಬ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್‌ನಂಥ ವಿಷ ಹೊರಬೀಳಬಹುದು. ಆದ್ದರಿಂದ ಪ್ರತಿ ಮಂಚದ ಬಳಿ ಕೆಂಪು ಬುಟ್ಟಿಯಿಡಿಸಿ, ಮರಾಠಿಯಲ್ಲಿ ಚಿತ್ರಸಹಿತ ಬರೆಸಿ. ಕಸ ಹೊರುವ ಮಾವಶಿಯರ (ಆಸ್ಪತ್ರೆಯ ಸಹಾಯಕಿಯರ) ಮಾತನ್ನೂ ಕೇಳಿ, ಲೋಪ ಎಲ್ಲಿದೆಯೆಂದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಶಸ್ತ್ರಚಿಕಿತ್ಸೆಯೂ ನಡೆಯುವುದಾದರೆ, ಡೆಸ್‌ಫ್ಲೂರೇನ್ ಎಂಬ ಅರಿವಳಿಕೆ ಅನಿಲದ ಬದಲು ಸೆವೋಫ್ಲೂರೇನ್ ಬಳಸಬಹುದೇ ಎಂದು ಅರಿವಳಿಕೆ ತಜ್ಞರಲ್ಲಿ ವಿಚಾರಿಸಿ: ತೂಕಕ್ಕೆ ತೂಕ ಹೋಲಿಸಿದರೆ ಡೆಸ್‌ಫ್ಲೂರೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಯಾಗಿಸುತ್ತದೆ.