ಕ್ಯಾಟಲಾಗಿನಲ್ಲಿ ‘ಯಕ್ಷಗಾನ’ ಹುಡುಕಿದರೆ ರಾಶಿ ರಾಶಿ, ‘ಕಾಸರಗೋಡು’ ಸೇರಿಸಿದರೆ ಸೊನ್ನೆ. ಏನು ಮಾಡುವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾಸರಗೋಡಿನ ಯಕ್ಷಗಾನದ ಮೇಲೆ ಎಂ.ಎ. ಪ್ರಬಂಧ ಬರೆಯಬೇಕು. ಯುನಿವರ್ಸಿಟಿ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗಿನಲ್ಲಿ ಬರೀ ಯಕ್ಷಗಾನ ಅಂತ ಹಾಕಿದರೆ ಪುಟಗಟ್ಟಲೆ ಬರುತ್ತದೆ, ಕಾಸರಗೋಡು ಅಂತ ಸೇರಿಸಿದ ಕೂಡಲೇ ಏನೂ ಇಲ್ಲ ಅನ್ನುತ್ತದೆ. ನಾನು ಇದೇ ಕಡೆಯ ಒಂದು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವನು. ಈ ದೂರು ತೆಗೆದುಕೊಂಡು ಕೌಂಟರಿಗೆ ಬರುವ ಮಕ್ಕಳು ತುಂಬಾ ಜನ ಇದ್ದಾರೆ.

ಕ್ಯಾಟಲಾಗು ಗೂಗಲ್ ಅಲ್ಲ ಮಾರಾಯ್ರೇ. ಅದು ಪುಸ್ತಕದ ಒಳಗೆ ಇಣುಕುವುದಿಲ್ಲ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ವರ್ಷ, ಜೊತೆಗೆ ಲೈಬ್ರರಿಯವರು ಹಾಕಿದ ಒಂದೆರಡು ವಿಷಯದ ಪದ, ಇಷ್ಟರಲ್ಲೇ ಹುಡುಕುತ್ತದೆ. ಒಳಗೆ ಕಾಸರಗೋಡಿನ ಕುಂಬಳೆಯ ಬಗ್ಗೆ ಒಂದು ಇಡೀ ಅಧ್ಯಾಯ ಇದ್ದರೂ ಈ ಸಾಲುಗಳಲ್ಲಿ ಎಲ್ಲೂ ಕಾಸರಗೋಡು ಅನ್ನುವ ಪದ ಬಾರದಿದ್ದರೆ ನಿಮಗೆ ಆ ಪುಸ್ತಕ ಸಿಗುವುದೇ ಇಲ್ಲ. ಹಾಗಾಗಿ ಹುಡುಕುವ ಪೆಟ್ಟಿಗೆಗೆ ಪದದ ಮೇಲೆ ಪದ ಸೇರಿಸಬೇಡಿ. ಅಲ್ಲಿ ಒಂದೇ ಪದ ಇರಲಿ, ಕಡಿಮೆ ಮಾಡುವ ಕೆಲಸವನ್ನು ಬೇರೆ ಕಡೆಯಿಂದ ಮಾಡಿ.

ನಾನು ಎಲ್ಲರಿಗೂ ಮೊದಲು ಹೇಳುವುದು ಇದು: ರಾಶಿಯಲ್ಲಿ ನಿಮಗೆ ಸರಿ ಹೊಂದುವ ಒಂದೇ ಒಂದು ಪುಸ್ತಕ ಹುಡುಕಿ, ಅದರ ಹೆಸರಿನ ಮೇಲೆ ಒತ್ತಿ ಪೂರ್ತಿ ವಿವರದ ಪುಟಕ್ಕೆ ಹೋಗಿ. ಅಲ್ಲಿ ‘ಸಬ್ಜೆಕ್ಟ್’ ಅಂತ ಒಂದು ಸಾಲು ಇರುತ್ತದೆ, ನೀಲಿ ಬಣ್ಣದ ಲಿಂಕುಗಳು. ಅದನ್ನು ಒತ್ತಿದರೆ ಅದೇ ವಿಷಯದ ಪದ ಹಾಕಿದ ಎಲ್ಲ ಪುಸ್ತಕಗಳೂ ಸಾಲಾಗಿ ಬರುತ್ತವೆ, ಹೆಸರಿನಲ್ಲಿ ಯಕ್ಷಗಾನ ಅಂತ ಇಲ್ಲದವೂ ಬರುತ್ತವೆ. ಲೈಬ್ರರಿಯವರು ಯಾವ ಪದ ಬಳಸಿದ್ದಾರೆ ಅಂತ ನೀವು ಊಹೆ ಮಾಡಿಕೊಂಡು ಕೂರುವ ಬದಲು ಅವರದೇ ಪದ ಹಿಡಿದುಕೊಂಡು ಹೋಗುವುದು ಎಷ್ಟೋ ಸುಲಭ ಅಲ್ವಾ? ಕೆಲವು ಕಡೆ ‘ಬ್ರೌಸ್ ಶೆಲ್ಫ್’ ಅಂತಲೂ ಉಂಟು. ಅದನ್ನು ಒತ್ತಿದರೆ ಕಪಾಟಿನಲ್ಲಿ ಆ ಪುಸ್ತಕದ ಅಕ್ಕಪಕ್ಕ ಎಂತ ಇದೆ ಅಂತ ಮನೆಯಲ್ಲೇ ಕೂತು ನೋಡಬಹುದು.

ಇನ್ನು ಫಲಿತಾಂಶದ ಪಕ್ಕದಲ್ಲಿ ಬರುವ ‘ರಿಫೈನ್ ಯುವರ್ ಸರ್ಚ್’ ಪಟ್ಟಿ. ಕೇರಳದಲ್ಲೂ ಕರ್ನಾಟಕದಲ್ಲೂ ತುಂಬಾ ಯುನಿವರ್ಸಿಟಿ ಲೈಬ್ರರಿಗಳು ಬಳಸುವುದು ಕೋಹಾ ಅನ್ನುವ ಸಾಫ್ಟ್‌ವೇರ್, ಆದ್ದರಿಂದ ನಿಮ್ಮಲ್ಲೂ ಇದೇ ಇರುವ ಸಾಧ್ಯತೆ ಜಾಸ್ತಿ. ಲೇಖಕರು, ವಿಷಯ, ಊರು, ಪುಸ್ತಕವೋ ಪ್ರಬಂಧವೋ ಪತ್ರಿಕೆಯೋ, ಹೀಗೆ ಒಂದೊಂದಾಗಿ ಒತ್ತುತ್ತಾ ಹೋದರೆ ಪಟ್ಟಿ ಸಣ್ಣದಾಗುತ್ತದೆ, ಬೇಡ ಅನಿಸಿದರೆ ಪಕ್ಕದ ಗುಣಿಸು ಗುರುತು ಒತ್ತಿ ತೆಗೆಯಬಹುದು. ಆದರೆ ಆ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಕೆಲವು ಕೋಹಾಗಳಲ್ಲಿ ಅದು ತಯಾರಾಗುವುದು ಬಂದ ಫಲಿತಾಂಶದ ಮೊದಲ ಕೆಲವನ್ನು ಮಾತ್ರ ನೋಡಿ. ಒಬ್ಬ ಲೇಖಕರ ಹೆಸರು ಅಲ್ಲಿ ಕಾಣದಿದ್ದರೆ ಅವರ ಪುಸ್ತಕ ಲೈಬ್ರರಿಯಲ್ಲಿ ಇಲ್ಲ ಅಂತ ಅಲ್ಲ.

‘ಈಗ ಲಭ್ಯ ಇರುವುದು ಮಾತ್ರ’ ಅನ್ನುವುದನ್ನು ಸುಮ್ನೆ ಒತ್ತಬೇಡಿ. ಯಾರೋ ಮನೆಗೆ ಒಯ್ದ ಪುಸ್ತಕ ಅದರಲ್ಲಿ ಮಾಯವಾಗುತ್ತದೆ, ನಿಮಗೆ ಬೇಕಾದದ್ದು ಅದೇ ಆಗಿರಬಹುದು.

ಭಾಷೆಯ ಫಿಲ್ಟರಿನ ವಿಷಯದಲ್ಲಿ ನಮ್ಮ ಕಡೆಯವರು ಇನ್ನೂ ಸ್ವಲ್ಪ ಜಾಗ್ರತೆ ಇರಬೇಕು. ಕನ್ನಡ, ಮಲಯಾಳ, ಕೊಂಕಣಿಗೆ ಪುಸ್ತಕದ ವಿವರವನ್ನು ಕಂಪ್ಯೂಟರಿಗೆ ತುಂಬಿಸಲು ಲೈಬ್ರರಿಗಳು ಬಳಸುವ ಮಾರ್ಕ್ (MARC) ಪದ್ಧತಿಯಲ್ಲಿ ಬೇರೆ ಬೇರೆ ಸಂಕೇತ ಉಂಟು. ತುಳುವಿಗೆ ಇಲ್ಲ! ಅದನ್ನು ‘ಇತರ ದ್ರಾವಿಡ ಭಾಷೆಗಳು’ ಅನ್ನುವ ಗುಂಪಿಗೆ ಸೇರಿಸಿದ್ದಾರೆ. ಲಿಪಿ ಕನ್ನಡ ಆದ ಕಾರಣ ಎಷ್ಟೋ ಕಡೆ ತುಳು ಪುಸ್ತಕವನ್ನು ಕನ್ನಡ ಅಂತಲೇ ಸೇರಿಸಿಬಿಡುತ್ತಾರೆ. ತುಳು ಪ್ರಸಂಗ (ಯಕ್ಷಗಾನದ ಕಥೆಯ ಪಠ್ಯ) ಬೇಕಿದ್ದರೆ ಭಾಷೆಯ ಫಿಲ್ಟರ್ ಮುಟ್ಟದೆ ವಿಷಯದಿಂದ ಹುಡುಕಿ.

ಈಗ ‘ಕಾಸರಗೋಡು’ ಯಾಕೆ ಸೊನ್ನೆ ಅನ್ನುವುದಕ್ಕೆ ಬರುತ್ತೇನೆ. 1956ರ ನವೆಂಬರ್ 1ರ ವರೆಗೆ ನಾವು ಮದ್ರಾಸಿನ ಸೌತ್ ಕೆನರಾ ಜಿಲ್ಲೆಯಲ್ಲಿದ್ದೆವು. ಆಮೇಲೆ ಕೇರಳದ ಕಣ್ಣೂರು ಜಿಲ್ಲೆಗೆ ಸೇರಿದೆವು. ಕಾಸರಗೋಡು ಪ್ರತ್ಯೇಕ ಜಿಲ್ಲೆ ಆದದ್ದು 1984ರಲ್ಲಿ. ಪುಸ್ತಕ ಯಾವ ಕಾಲದ್ದೋ ಅದಕ್ಕೆ ತಕ್ಕ ಹೆಸರಿನಡಿ ಅದು ಕೂತಿರುತ್ತದೆ. ಸ್ಟರಾಕ್ ಬರೆದ 1894ರ ಜಿಲ್ಲಾ ಮ್ಯಾನ್ಯುವಲ್ ಬೇಕಾದರೆ ಸೌತ್ ಕೆನರಾ ಅಂತಲೇ ಹುಡುಕಬೇಕು, ಅದೂ ಕೆನರಾ ಬರೆಯಲು ಒಮ್ಮೆ ಸಿ ಹಾಕಿ, ಒಮ್ಮೆ ಕೆ ಹಾಕಿ. ಕಾಸರಗೋಡನ್ನು ಇಂಗ್ಲಿಷಿನಲ್ಲಿ ಬರೆಯುವಾಗಲೂ ಎಸ್ ಆದ ಮೇಲೆ ಎ ಹಾಕುವವರಿದ್ದಾರೆ, ಬಿಡುವವರಿದ್ದಾರೆ, ಕೊನೆಗೆ ಯು ಸೇರಿಸುವವರೂ ಇದ್ದಾರೆ. ಒಂದೊಂದನ್ನೂ ಬೇರೆ ಬೇರೆ ಹುಡುಕುವ ಬದಲು ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘OR’ ಅಂತ ಹಾಕಿ ಒಟ್ಟಿಗೆ ಹುಡುಕಬಹುದು. ಪದದ ಕೊನೆ ಮಾತ್ರ ಬದಲಾಗುವುದಾದರೆ ಅಲ್ಲಿ ಒಂದು ನಕ್ಷತ್ರದ ಗುರುತು ಹಾಕಿದರೆ ಸಾಕು.

ನಿಮ್ಮ ವಿಷಯಕ್ಕೆ ನಾನಾದರೆ ಜಿಲ್ಲೆಯ ಹೆಸರನ್ನೇ ಬಿಟ್ಟುಬಿಡುತ್ತಿದ್ದೆ. ತೆಂಕುತಿಟ್ಟು (ನಮ್ಮ ಕಡೆಯ ಯಕ್ಷಗಾನ ಶೈಲಿ), ಕುಂಬಳೆ, ಪಾರ್ತಿಸುಬ್ಬ (ಕುಂಬಳೆಯ ಯಕ್ಷಗಾನ ಕವಿ), ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಹೀಗೆ ಒಂದೊಂದೇ ಹುಡುಕಿ. ಪಾರ್ತಿಸುಬ್ಬನ ಬಗ್ಗೆ ಬರೆದ ಪುಸ್ತಕಕ್ಕೆ ಅವನ ಹೆಸರೇ ವಿಷಯ ಆಗಿರುತ್ತದೆ, ಜಿಲ್ಲೆಯ ಹೆಸರು ಹಾಕಿರಬೇಕು ಅಂತ ಇಲ್ಲ.

ಕನ್ನಡ ಲಿಪಿಯಲ್ಲಿ ಹುಡುಕಿದರೆ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದ ಕನ್ನಡ ಪುಸ್ತಕಗಳು ಸಾಮಾನ್ಯವಾಗಿ ಬರುವುದಿಲ್ಲ. ಎರಡರಲ್ಲೂ ನೋಡಲೇಬೇಕು. ಹೆಸರುಗಳಲ್ಲಂತೂ ಕೇಳುವುದೇ ಬೇಡ. ಕಯ್ಯಾರ ಕಿಞ್ಞಣ್ಣ ರೈ ಅಂತ ನೀವು ಸರಿಯಾಗಿಯೇ ಹೊಡೆದಿರಬಹುದು, ಆದರೆ ಎಂಟ್ರಿ ಮಾಡಿದವರು ಆ ಒತ್ತಕ್ಷರ ಸಿಗದೆ ಕಿಂಞಣ್ಣ ಅಂತಲೋ ಕಿಞಣ್ಣ ಅಂತಲೋ ಹಾಕಿದ್ದರೆ ಕಂಪ್ಯೂಟರಿಗೆ ಅವರು ಬೇರೆಯೇ ಮನುಷ್ಯ. ಇಂಥ ಕಡೆ ‘ಕಯ್ಯಾರ’ ಅಂತ ಮಾತ್ರ ಹಾಕಿ, ಪೆಟ್ಟಿಗೆಯ ಪಕ್ಕದಲ್ಲಿ ‘ಆಥರ್’ ಆರಿಸಿಕೊಳ್ಳಿ. ಗೋವಿಂದ ಪೈಗಳಿಗೂ ಹಾಗೆಯೇ, ಪೈ ಮೊದಲು ಬರುತ್ತದೋ ಗೋವಿಂದ ಮೊದಲು ಬರುತ್ತದೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪದವನ್ನೂ ಉದ್ಧರಣ ಚಿಹ್ನೆ ಇಲ್ಲದೆ ಹಾಕಿದರೆ ಯಾವ ಕ್ರಮದಲ್ಲಿದ್ದರೂ ಹಿಡಿಯುತ್ತದೆ.

ಇನ್ನೊಂದು ದಾರಿ ಕಾಲ್ ನಂಬರ್, ಅಂದರೆ ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ನಂಬರ್. ಇದನ್ನು ವಿದ್ಯಾರ್ಥಿಗಳು ಯಾರೂ ಬಳಸುವುದಿಲ್ಲ, ನನಗೆ ಮಾತ್ರ ಇದೇ ಇಷ್ಟ. ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯ 894.814, ಮಲಯಾಳ ಸಾಹಿತ್ಯ 894.812. ರಂಗಭೂಮಿ 792. ಪ್ರಸಂಗದ ಪುಸ್ತಕಗಳು ಸಾಧಾರಣವಾಗಿ ಸಾಹಿತ್ಯದ ನಂಬರಿನಲ್ಲಿರುತ್ತವೆ, ಆಟದ (ಯಕ್ಷಗಾನ ಪ್ರದರ್ಶನದ) ಬಗ್ಗೆ, ವೇಷ ಹಿಮ್ಮೇಳದ ಬಗ್ಗೆ ಬರೆದವು 792ರಲ್ಲಿ. ನಿಮಗೆ ಪ್ರಸಂಗದ ಪಠ್ಯ ಬೇಡ, ಅಧ್ಯಯನ ಮಾತ್ರ ಬೇಕು ಅಂತಾದರೆ ಈ ನಂಬರ್ ನೋಡಿಯೇ ಅರ್ಧ ರಾಶಿಯನ್ನು ಬದಿಗೆ ಇಡಬಹುದು. ಪುಸ್ತಕ ಸೇರಿಸುವವರ ತೀರ್ಮಾನ ಅಲ್ಲಲ್ಲಿ ಬೇರೆ ಆಗುವುದುಂಟು, ಅದಕ್ಕೆ ಎರಡೂ ಕಪಾಟಿಗೆ ಒಮ್ಮೆ ಕಣ್ಣು ಹಾಯಿಸಿ.

ವರ್ಷದ ಮಿತಿ ಹಾಕಬೇಕಿದ್ದರೆ ‘ಅಡ್ವಾನ್ಸ್ಡ್ ಸರ್ಚ್’ಗೆ ಹೋಗಿ. 1984-2000 ಅಂತ ಹಾಕಿದರೆ ಆ ನಡುವಿನದ್ದು, -1956 ಅಂತ ಹಾಕಿದರೆ ಅಲ್ಲಿಯವರೆಗಿನದ್ದು.

ನಿಮ್ಮ ವಿಷಯದ ಮೇಲೆ ಆಗಲೇ ಯಾರಾದರೂ ಪಿಎಚ್‌ಡಿ ಮಾಡಿದ್ದಾರಾ ಅಂತ ಶೋಧಗಂಗಾದಲ್ಲಿ, ಅಂದರೆ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ, ನೋಡಿ. ಯುಜಿಸಿಯ ಇನ್‌ಫ್ಲಿಬ್ನೆಟ್ ಕೇಂದ್ರದವರು ನಡೆಸುವುದು, ದುಡ್ಡು ಕೊಡಬೇಕಿಲ್ಲ. ಅಲ್ಲಿ ಸಿಕ್ಕಿದ ಪ್ರಬಂಧದ ಕೊನೆಯ ಗ್ರಂಥಋಣದ ಪುಟಗಳಲ್ಲಿರುವ ಹೆಸರುಗಳನ್ನು ತಂದು ನಿಮ್ಮ ಕ್ಯಾಟಲಾಗಿನಲ್ಲಿ ಹಾಕಿದರೆ ಹುಡುಕಾಟದ ದೊಡ್ಡ ಭಾಗ ಮುಗಿಯಿತು.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ನಿಮ್ಮ ಕಾಲೇಜಿನಲ್ಲೋ ಸಿಗದಿದ್ದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಕ್ಯಾಟಲಾಗನ್ನೂ ಇದೇ ರೀತಿ ಜಾಲಾಡಿ. ಅಲ್ಲಿ ಇದೆ ಅಂತ ಕಂಡ ಕೂಡಲೇ ಬಸ್ಸು ಹತ್ತಬೇಡಿ. ಹೊರಗಿನವರಿಗೆ ಕೂತು ಓದಲು ಬಿಡುತ್ತಾರಾ, ವಿಭಾಗದ ಮುಖ್ಯಸ್ಥರ ಪತ್ರ ಬೇಕಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಕಾಲ್ ನಂಬರ್ ಬರೆದುಕೊಂಡೇ ಹೋಗಿ.