ವೀಸಾ ಬಂತು, ಮನೆ ವಿಳಾಸ ಇದೆಯಾ?

ಜರ್ಮನಿಗೆ ಹೊರಟವರ, ಈಗಾಗಲೇ ಬಂದವರ ಪತ್ರಗಳಿಗೆ ಈ ಸಲದ ಉತ್ತರ

ಪ್ರಶ್ನೆ: ಮೇಡಂ, ನನಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಬ್ಲೂ ಕಾರ್ಡ್ ಲೆಕ್ಕದಲ್ಲಿ ವೀಸಾ ಬಂದಿದೆ, ಆದರೆ ಆರೇ ತಿಂಗಳಿಗೆ ಕೊಟ್ಟಿದ್ದಾರೆ. ಅದು ಮುಗಿದ ಮೇಲೆ ಏನು ಗತಿ? ಕಂಪನಿಯವರು ಮೊದಲ ತಿಂಗಳು ಸರ್ವಿಸ್ ಅಪಾರ್ಟ್‌ಮೆಂಟ್ ಕೊಡುತ್ತಾರೆ. ಹೆಂಡತಿ, ಮಗಳನ್ನು ಜೊತೆಗೇ ಕರೆದುಕೊಂಡು ಹೋಗಲೋ, ಆಮೇಲೆ ಕರೆಸಿಕೊಳ್ಳಲೋ?
– ಓದುಗರು, ದಾವಣಗೆರೆ

ಉತ್ತರ: ಗಾಬರಿಯಾಗಬೇಡಿ. ಪಾಸ್‌ಪೋರ್ಟ್‌ಗೆ ಅಂಟಿಸಿರುವ ವೀಸಾ ದೇಶದೊಳಗೆ ಬಂದು ಕೆಲಸ ಶುರುಮಾಡುವುದಕ್ಕೆ. ಬ್ಲೂ ಕಾರ್ಡ್, ಅಂದರೆ ಪರಿಣತ ಕೆಲಸಕ್ಕೆ ಬಂದವರ ವಾಸದ ಪರವಾನಗಿ, ಕೈಗೆ ಸಿಗುವುದು ಇಲ್ಲಿಗೆ ಬಂದ ಮೇಲೆ, ಆಯಾ ಊರಿನ ವಿದೇಶಿಯರ ಕಚೇರಿಯಿಂದ. ಆದರೆ ಆ ಕಚೇರಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಆಗಬೇಕು. ಊರಿನಿಂದ ಹೊರಡುವವರಿಗೆ ನಾನು ಮೊದಲು ಹೇಳುವುದೇ ಅದನ್ನು: ವಿಳಾಸದ ನೋಂದಣಿ. ಇಲ್ಲಿ ಎಲ್ಲರೂ ಅದನ್ನು ಆನ್‌ಮೆಲ್ಡುಂಗ್ ಅನ್ನುತ್ತಾರೆ.

ಮನೆ ಸೇರಿದ 14 ದಿನದೊಳಗೆ ನಗರಾಡಳಿತದ ಕಚೇರಿಯಲ್ಲಿ ಹೆಸರು ಬರೆಸಬೇಕು. ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲದು. ಮನೆ ಕೊಟ್ಟವರಿಂದ ಒಂದು ಪತ್ರ ಬೇಕು. ಒಂದೇ ಹಾಳೆ. ಅದರಲ್ಲಿ ಮನೆ ಕೊಟ್ಟವರ ಹೆಸರು, ಮನೆಯ ವಿಳಾಸ, ನೀವು ಬಂದು ಸೇರಿದ ತಾರೀಕು, ಸೇರಿದವರೆಲ್ಲರ ಹೆಸರು ಇರುತ್ತದೆ. ಆ ಹಾಳೆ ಇಲ್ಲದಿದ್ದರೆ ನೋಂದಣಿ ನಿಂತುಹೋಗುತ್ತದೆ. ನೋಂದಣಿ ಆಗದೆ ತೆರಿಗೆ ನಂಬರ್ ಮನೆಗೆ ಬರುವುದಿಲ್ಲ. ಆ ನಂಬರ್ ತಡವಾದರೆ ಕಂಪನಿಯವರು ಆರನೇ ವರ್ಗದ ತೆರಿಗೆ ಹಿಡಿಯುವ ಸಂಭವ ಇದೆ. ಅದು ಎಲ್ಲಕ್ಕಿಂತ ಜಾಸ್ತಿ. ಆದ್ದರಿಂದ ಇವತ್ತೇ ಎಚ್‌ಆರ್‌ನವರಿಗೆ ಬರೆದು ಕೇಳಿ: ಸರ್ವಿಸ್ ಅಪಾರ್ಟ್‌ಮೆಂಟ್‌ನವರು ಈ ಪತ್ರ ಕೊಡುತ್ತಾರಾ? ಕೊಡದಿರುವವರೂ ಇದ್ದಾರೆ. ವಿಮಾನ ಹತ್ತುವ ಮೊದಲೇ ಉತ್ತರ ತರಿಸಿಕೊಳ್ಳಿ.

ಇನ್ನು ಅಂಚೆ ಪೆಟ್ಟಿಗೆಯ ವಿಷಯ. ಚಿಕ್ಕ ಸಂಗತಿ ಅನ್ನಿಸಬಹುದು, ಹಾಗಲ್ಲ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರು ಕಾಣದಿದ್ದರೆ ಕಾಗದ ವಾಪಸ್. ತೆರಿಗೆ ನಂಬರ್ ಬರುವುದು ಅಂಚೆಯಲ್ಲೇ, ನೆನಪಿರಲಿ. ನಮ್ಮ ಕಟ್ಟಡದಲ್ಲಿ ಹಾಸನದ ಕಡೆಯ ಒಂದು ಕುಟುಂಬ ಇದೆ. ಪಾಸ್‌ಪೋರ್ಟ್‌ನಲ್ಲಿ ಗಂಡನಿಗೆ ಊರಿನ ಹೆಸರೇ ಸರ್‌ನೇಮ್, ಹೆಂಡತಿಗೆ ಅವರ ಅಪ್ಪನ ಹೆಸರು, ಮಗನಿಗೆ ಗಂಡನ ಹೆಸರು. ಮೂರನ್ನೂ ಪೆಟ್ಟಿಗೆಯ ಮೇಲೆ ಒಂದರ ಕೆಳಗೊಂದು ಬರೆದು ಅಂಟಿಸಿದ್ದಾರೆ. ಅವರ ಕಾಗದ ಒಂದೂ ತಪ್ಪುವುದಿಲ್ಲ. ನೀವೂ ಹಾಗೇ ಮಾಡಿ.

ಹೆಸರಿನ ಮಾತು ಬಂತಲ್ಲ, ಹೆಂಡತಿ, ಮಗಳ ಪಾಸ್‌ಪೋರ್ಟ್ ತೆಗೆದು ನೋಡಿ. ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಬರೆದ ಹೆಸರು, ಮದುವೆ ಪ್ರಮಾಣಪತ್ರದಲ್ಲಿ ಮತ್ತೊಂದು. ಇಲ್ಲಿನ ಪ್ರತಿ ಫಾರ್ಮ್ ಸರ್‌ನೇಮ್ ಕೇಳುತ್ತದೆ. ಮದುವೆ ಪ್ರಮಾಣಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯದ್ದೇ ಇರಲಿ. ಛತ್ರದ್ದೋ ದೇವಸ್ಥಾನದ್ದೋ ರಸೀದಿ ನಂಬಿಕೊಂಡು ಕೂರಬೇಡಿ.

ನೋಂದಣಿ ಆದ ವಾರದಲ್ಲೇ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಿ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ನಿಧಾನ. ಆದರೆ ವೀಸಾ ಮುಗಿಯುವ ಮೊದಲು ಅರ್ಜಿ ಹಾಕಿದ್ದರೆ, ತೀರ್ಮಾನ ಆಗುವ ತನಕ ಹಳೆಯ ವೀಸಾವೇ ನಡೆಯುತ್ತದೆ. ಅದಕ್ಕೊಂದು ತಾತ್ಕಾಲಿಕ ಪತ್ರ ಕೊಡುತ್ತಾರೆ. ಆ ಪತ್ರದಲ್ಲಿ ವಾಸದ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿಗೆ ಗುರುತು ಹಾಕಿದ್ದಾರಾ ನೋಡಿ. ಇದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು. 3ನೇ ಉಪಕಲಮಿಗೆ ಗುರುತು ಇದ್ದರೆ ದೇಶ ಬಿಟ್ಟು ಹೋಗಲೇಬೇಡಿ, ತಿರುಗಿ ಒಳಗೆ ಬಿಡುವುದಿಲ್ಲ.

ಕುಟುಂಬದ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟ. ಅರ್ಜಿ ಈಗಲೇ ಹಾಕಿಸಿ, ಪ್ರಯಾಣ ಮಾತ್ರ ಮನೆ ಸಿಕ್ಕ ಮೇಲೆ. ಮ್ಯೂನಿಕ್‌ನಲ್ಲಿ ಮನೆ ಹುಡುಕುತ್ತಾ ಚಿಕ್ಕ ಮಗುವನ್ನು ಹೋಟೆಲಿನಿಂದ ಹೋಟೆಲಿಗೆ ಅಲೆಸುವುದು ಬೇಡ. ಬ್ಲೂ ಕಾರ್ಡ್‌ನವರ ಹೆಂಡತಿಗೆ ಬರುವ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಬೇಕೆಂಬ ಕಡ್ಡಾಯವಿಲ್ಲ, ಬಂದ ಮೇಲೆ ಕೆಲಸ ಮಾಡುವ ಹಕ್ಕೂ ಇದೆ. ಆದರೂ ಕಾಯುವ ದಿನಗಳಲ್ಲಿ ಭಾಷೆ ಶುರುಮಾಡಲಿ. ನೀವೂ ಕಲಿಯಿರಿ. ಜರ್ಮನ್‌ನಲ್ಲಿ ಬಿ1 ಮಟ್ಟ (ದಿನಬಳಕೆಯ ಮಾತು ನಡೆಸುವಷ್ಟು) ಮುಟ್ಟಿದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು, ಎ1 (ತೀರಾ ಮೊದಲ ಮಟ್ಟ) ಮಾತ್ರ ಇದ್ದರೆ 27 ತಿಂಗಳು ಕಾಯಬೇಕು.

ಪ್ರಶ್ನೆ: ಅಕ್ಕ, ಅಪ್ಪ ತೀರಿಕೊಂಡ ಮೇಲೆ ಅಮ್ಮ ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ. ನಾನು 2021ರಿಂದ ಬ್ಲೂ ಕಾರ್ಡ್ ಮೇಲೆ ಇಲ್ಲಿದ್ದೇನೆ. ತಂದೆ ತಾಯಿಯನ್ನೂ ಕಾಯಂ ಕರೆತರುವ ಕಾನೂನು ಬಂದಿದೆಯಂತೆ, ನಿಜವಾ?
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಬಂದಿರುವುದು ನಿಜ. ಆದರೆ ಪರಿಣತ ಕೆಲಸದ ಪರವಾನಗಿಯನ್ನು 1 ಮಾರ್ಚ್ 2024ರಂದು ಅಥವಾ ಆಮೇಲೆ ಮೊದಲ ಸಲ ಪಡೆದವರಿಗೆ ಮಾತ್ರ. ನೀವು ಅದಕ್ಕೆ ಮೊದಲೇ ಬಂದವರು, ಹಾಗಾಗಿ ಆ ದಾರಿ ನಿಮಗಿಲ್ಲ. ಇಷ್ಟು ವರ್ಷ ತೆರಿಗೆ ಕಟ್ಟಿದವರನ್ನು ಹೊರಗಿಟ್ಟಿದ್ದು ನನಗೆ ನ್ಯಾಯ ಅನ್ನಿಸುವುದಿಲ್ಲ. ಅರ್ಹರಾದವರಿಗೂ ಸಲೀಸಲ್ಲ. ಆರೋಗ್ಯ ವಿಮೆ ಇರಲೇಬೇಕು, ವಯಸ್ಸಾದವರಿಗೆ ಅದರ ಕಂತು ತುಂಬಾ ಭಾರ.

ನಿಮ್ಮ ಅಮ್ಮ ಷೆಂಗೆನ್ ವೀಸಾದಲ್ಲಿ, ಅಂದರೆ ಕಡಿಮೆ ದಿನದ ಭೇಟಿಯ ವೀಸಾದಲ್ಲಿ, 180 ದಿನದಲ್ಲಿ 90 ದಿನ ನಿಮ್ಮ ಜೊತೆ ಇರಬಹುದು. ನೀವೇ ಹೋಗಿ ಅವರ ಜೊತೆ ಕೆಲವು ತಿಂಗಳು ಇರಬೇಕೆಂದರೆ, ಮಾಮೂಲಿ ಪರವಾನಗಿ ಆರು ತಿಂಗಳು ಹೊರಗಿದ್ದರೆ ರದ್ದಾಗುತ್ತದೆ, ಬ್ಲೂ ಕಾರ್ಡ್‌ಗೆ 12 ತಿಂಗಳ ಸಮಯ ಇದೆ. ಕೆಲಸ ಬಿಡದೆ ರಜೆಯ ಮೇಲೆ ಹೋಗಿ. ಹೊರಡುವ ಮೊದಲು ವಿದೇಶಿಯರ ಕಚೇರಿಗೆ ಬರೆದು ತಿಳಿಸಿ, ಅವರ ಉತ್ತರ ಜೋಪಾನವಾಗಿಡಿ.

ಪ್ರಶ್ನೆ: ಎಂಎಸ್‌ಗೆ ಸೀಟು ಸಿಕ್ಕಿದೆ. ಬ್ಲಾಕ್ಡ್ ಅಕೌಂಟ್ ದುಡ್ಡನ್ನು ತನ್ನ ಖಾತೆಗೆ ಹಾಕಿ ಅಂತ ಏಜೆಂಟ್ ಹೇಳುತ್ತಿದ್ದಾರೆ. ಹಾಕಬಹುದಾ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಒಂದು ರೂಪಾಯಿಯನ್ನೂ ಹಾಕಬೇಡಿ. ಬ್ಲಾಕ್ಡ್ ಅಕೌಂಟ್ ಅಂದರೆ ಇಲ್ಲಿನ ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸುವ ಖಾತೆ, ಅದು ನಿಮ್ಮ ಹೆಸರಲ್ಲೇ ಇರಬೇಕು. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ಇಡಬೇಕು ಅಂತ ಮಾಡಿದ್ದಾರೆ. ಇಲ್ಲಿಗೆ ಬಂದ ಮೇಲೆ ಅದರಲ್ಲಿ ತಿಂಗಳಿಗೆ 992 ಯೂರೋ ನಿಮ್ಮ ಕೈಗೆ ಬರುತ್ತದೆ. ನಿಮ್ಮದೇ ದುಡ್ಡು ಅದು, ಊಟಕ್ಕೆ, ರೂಮಿಗೆ. ಹೊರಡುವ ಮುನ್ನ ಆಗಿನ ಮೊತ್ತ ಎಷ್ಟು ಅಂತ ಜರ್ಮನ್ ಕಾನ್ಸುಲೇಟ್‌ನ ಪಟ್ಟಿಯಲ್ಲಿ ನೋಡಿಕೊಳ್ಳಿ. ನಿಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೂ ನೀವೇ ಅರ್ಜಿ ಹಾಕಬಹುದು. ನಿಮ್ಮ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಏನಾದರೂ ಆ ಏಜೆಂಟ್ ಹತ್ತಿರ ಇದ್ದರೆ, ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ ಇವತ್ತೇ ವಾಪಸ್ ತನ್ನಿ.